ಎಳೆ ಕಡಿದರೆ ಹಗ್ಗ ಎಳೆ

ರೈಲಿನಲ್ಲಿ ಅಪಾಯದ ಸರಪಳಿಯನ್ನು ಎಲ್ಲರೂ ನೋಡಿರುತ್ತೇವೆ. ಕಾರಣವಿಲ್ಲದೆ ಎಳೆದರೆ ದಂಡ ಎಂಬ ಬರಹವನ್ನೂ ಓದಿರುತ್ತೇವೆ. ಎಳೆದು ನೋಡಿದವರು ಕಡಿಮೆ. ಜಪಾನಿನ ಟೊಯೊಟಾ ಕಂಪನಿ ತನ್ನ ಕಾರು ಜೋಡಣೆಯ ಲೈನಿನುದ್ದಕ್ಕೂ, ಕೆಲಸಗಾರರ ಕೈಗೆ ಎಟುಕುವಂತೆ, ಇಂಥದೇ ಒಂದು ಹಗ್ಗ ಕಟ್ಟಿತು. ಆದರೆ ಅಲ್ಲಿಯ ಲೆಕ್ಕ ತಿರುಗುಮುರುಗು. ಎಳೆದವನಿಗೆ ಬೈಗುಳವಿಲ್ಲ. ತಪ್ಪು ಕಂಡೂ ಎಳೆಯದೆ ಸುಮ್ಮನಿದ್ದರೆ ಅದೇ ತಪ್ಪು.

ಒಂದು ಬೋಲ್ಟು ಸರಿಯಾಗಿ ಕೂರಲಿಲ್ಲ ಎಂದಿಟ್ಟುಕೊಳ್ಳಿ. ಹಗ್ಗ ಎಳೆದ ಕೂಡಲೇ ಮೇಲಿನ ಬೋರ್ಡಿನಲ್ಲಿ ಆ ಜಾಗದ ನಂಬರು ಹಳದಿಯಾಗಿ ಹೊತ್ತಿಕೊಳ್ಳುತ್ತದೆ, ಜೊತೆಗೆ ಸಂಗೀತವೂ ಮೊಳಗುತ್ತದೆ. ಟೀಮ್ ಲೀಡರ್ ಓಡಿ ಬರುತ್ತಾರೆ. ಲೈನು ತಕ್ಷಣಕ್ಕೇ ನಿಲ್ಲುವುದಿಲ್ಲ. ಆ ಕಾರು ನೆಲದ ಮೇಲಿನ ಗೆರೆ ಮುಟ್ಟುವವರೆಗೆ ಸಮಯವಿದೆ. ಅಷ್ಟರಲ್ಲಿ ಸರಿಹೋದರೆ ಇನ್ನೊಮ್ಮೆ ಹಗ್ಗ ಜಗ್ಗಿ ದೀಪ ಆರಿಸುತ್ತಾರೆ. ಇಲ್ಲವಾದರೆ ಕೆಂಪು, ಲೈನು ನಿಂತಿತು. ಈ ಬೋರ್ಡಿಗೆ ‘ಆಂದೋನ್’ ಎಂದು ಹೆಸರು. ಜಪಾನೀಯರ ಹಳೆಯ ಕಾಗದದ ಲಾಟೀನಿನ ಹೆಸರದು. ಈಚೆಗೆ ಹಲವೆಡೆ ಹಗ್ಗದ ಬದಲು ಗುಂಡಿ ಬಂದಿದೆ. ಮಾಡುವ ಕೆಲಸ ಅದೇ.

ಕಾರಿನವರಿಗೆ ಈ ಬುದ್ಧಿ ಕಲಿಸಿದ್ದು ಮಗ್ಗ. ಹಳೆಯ ಪವರ್‌ಲೂಮಿನ ಸದ್ದು ಕೇಳುತ್ತ ಬೆಳೆದ ದೊಡ್ಡಬಳ್ಳಾಪುರದವರಿಗೆ ಇದನ್ನು ವಿವರಿಸಬೇಕಿಲ್ಲ. ಯಂತ್ರಕ್ಕೆ ಕಣ್ಣಿಲ್ಲ. ಹಾಸಿನ ಒಂದೆಳೆ ಕಡಿದರೂ ಲಾಳಿ ಓಡುತ್ತಲೇ ಇರುತ್ತದೆ. ಯಾರಾದರೂ ಕಂಡು ನಿಲ್ಲಿಸುವ ಹೊತ್ತಿಗೆ ಬಟ್ಟೆಯಲ್ಲಿ ಮೊಳದುದ್ದ ಗೀರು. ಬಡಗಿಯ ಮಗ ಸಾಕಿಚಿ ಟೊಯೊಡಾ (1867–1930) ಈ ಕುರುಡಿಗೇ ಮದ್ದು ಹುಡುಕಿದರು. 1924ರ ಅವರ ‘ಜಿ’ ಮಾದರಿಯ ಮಗ್ಗ, ಎಳೆ ಕಡಿದರೆ ತಾನಾಗಿ ನಿಲ್ಲುತ್ತಿತ್ತು. ಲಾಳಿಯ ನೂಲು ಮುಗಿದರೆ ನಿಲ್ಲದೆಯೇ ಬೇರೆ ಲಾಳಿ ಹಾಕಿಕೊಳ್ಳುತ್ತಿತ್ತು. ಮಗ್ಗವನ್ನು ಕಾಯುತ್ತ ನಿಲ್ಲುವ ಕೆಲಸ ತಪ್ಪಿ, ಒಬ್ಬರೇ ಹತ್ತಾರು ಮಗ್ಗ ನೋಡಿಕೊಳ್ಳುವಂತಾಯಿತು. 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ ಇದರ ಪೇಟೆಂಟ್ ಹಕ್ಕಿಗೆ 1 ಲಕ್ಷ ಪೌಂಡ್ ಕೊಡಲು ಒಪ್ಪಿತು. ಮಗ್ಗಕ್ಕೆ ಹೆಸರಾಗಿದ್ದ ದೇಶವೇ ಬಂದು ಕೊಂಡಿತೆಂದರೆ ಸಣ್ಣ ಮಾತಲ್ಲ. ಮಗ ಕಿಇಚಿರೊ ಕಾರಿನ ಕಡೆ ಹೊರಳಿದರು. 1937ರಲ್ಲಿ ಟೊಯೊಟಾ ಮೋಟಾರ್ ಕಂಪನಿ ಹುಟ್ಟಿತು.

ತಪ್ಪು ಕಂಡಲ್ಲಿ ತಾನೇ ನಿಲ್ಲುವ ಈ ಗುಣಕ್ಕೆ ‘ಜಿದೋಕಾ’ ಎನ್ನುತ್ತಾರೆ. ಜಪಾನಿಯಲ್ಲಿ ಸ್ವಯಂಚಾಲನೆಗೂ ಇದೇ ಉಚ್ಚಾರ. ಟೊಯೊಟಾದವರು ಅದರ ಲಿಪಿಯಲ್ಲಿ ಮನುಷ್ಯನನ್ನು ಸೂಚಿಸುವ ಒಂದು ಚಿಹ್ನೆಯನ್ನು ಪಕ್ಕಕ್ಕೆ ಸೇರಿಸಿ ಬರೆದರು. ಕಿವಿಗೆ ವ್ಯತ್ಯಾಸ ತಿಳಿಯದು, ಕಣ್ಣಿಗೆ ತಿಳಿಯುತ್ತದೆ.

ಮಗ್ಗದ ಗುಣವನ್ನು ಕಾರಿನ ಲೈನಿಗೆ ದಾಟಿಸಿದವರು ತಾಇಚಿ ಓನೊ. ಅವರೂ ನೂಲಿನ ಗಿರಣಿಯಿಂದಲೇ ಬಂದವರು. ಕಾರಿನ ಕಾರ್ಖಾನೆಗೆ ಬಂದದ್ದು 1943ರಲ್ಲಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಇಂಜಿನಿಯರನ್ನು ಅದರೊಳಗೆ ನಿಲ್ಲಿಸಿ, ಸುಮ್ಮನೆ ಕೆಲಸ ನೋಡು ಎನ್ನುತ್ತಿದ್ದರಂತೆ. ಅವರ ‘ಐದು ಸಲ ಏಕೆ’ ಎಂಬ ಪಾಠ ಇನ್ನೂ ಪ್ರಸಿದ್ಧ. ಯಂತ್ರ ನಿಂತದ್ದೇಕೆ? ಹೊರೆ ಹೆಚ್ಚಾಗಿ ಫ್ಯೂಸ್ ಹೋಯಿತು. ಹೊರೆ ಏಕೆ? ಬೇರಿಂಗಿಗೆ ಎಣ್ಣೆ ಸಾಲಲಿಲ್ಲ. ಏಕೆ? ಪಂಪು ಎಳೆಯುತ್ತಿಲ್ಲ. ಏಕೆ? ಅದರ ಶಾಫ್ಟ್ ಸವೆದಿದೆ. ಏಕೆ? ಜಾಲರಿ ಇಲ್ಲದೆ ಲೋಹದ ಚೂರು ಒಳಹೊಕ್ಕಿದೆ. ಮೊದಲ ಪ್ರಶ್ನೆಗೇ ನಿಂತಿದ್ದರೆ ಫ್ಯೂಸ್ ಬದಲಾಯಿಸಿ ಮನೆಗೆ ಹೋಗುತ್ತಿದ್ದರು, ಮುಂದಿನ ವಾರ ಮತ್ತೆ ಬರುತ್ತಿದ್ದರು. ನಮ್ಮ ಬೀದಿಯ ಗುಂಡಿ ಮುಚ್ಚುವವರೂ ಹೀಗೆಯೇ.

ಹೊರಗಿನಿಂದ ಕಲಿತದ್ದೂ ಉಂಟು. ಅಮೆರಿಕದ ಡೆಮಿಂಗ್ 1950ರಲ್ಲಿ ಜಪಾನಿಗೆ ಬಂದು, ಅಂಕಿಸಂಖ್ಯೆಯಿಂದ ಗುಣಮಟ್ಟ ಹಿಡಿಯುವುದನ್ನು ಕಲಿಸಿದರು. ಅವರ ಹೆಸರಿನ ಬಹುಮಾನ 1965ರಲ್ಲಿ ಟೊಯೊಟಾಕ್ಕೆ ಬಂತು. ಕೆಲಸಗಾರರಿಂದ ಸಲಹೆ ಬರೆಸಿಕೊಳ್ಳುವ ಪದ್ಧತಿಯನ್ನು 1951ರಲ್ಲಿ ಶುರುಮಾಡಿದ್ದು ಫೋರ್ಡ್ ಕಂಪನಿಯನ್ನು ನೋಡಿ. ಇವೆಲ್ಲ ಕೂಡಿ ಬೆಳೆದದ್ದಕ್ಕೆ ‘ಕೈಜೆನ್’ ಎಂದು ಹೆಸರು: ಕೈ ಎಂದರೆ ಬದಲಾವಣೆ, ಜೆನ್ ಎಂದರೆ ಒಳ್ಳೆಯದು. ಕನ್ನಡದವರು ‘ಕೈ’ಯನ್ನು ಕೈ ಎಂದೇ ತಿಳಿದು, ಕೈಯಾರೆ ಮಾಡುವವರ ಮಾತು ಕೇಳುವ ಪದ್ಧತಿ ಎಂದುಕೊಂಡರೂ ನಷ್ಟವಿಲ್ಲ.

ನನಗೆ ಇದರಲ್ಲಿ ಅತ್ಯಂತ ಮೆಚ್ಚುಗೆಯಾದದ್ದು ಒಂದು ತಟ್ಟೆಯ ಕಥೆ. 1961ರ ಸುಮಾರಿಗೆ ಯಮಾದಾ ಎಲೆಕ್ಟ್ರಿಕ್ ಎಂಬಲ್ಲಿ ಸಣ್ಣ ಸ್ವಿಚ್ಚಿನೊಳಗೆ ಎರಡು ಸ್ಪ್ರಿಂಗ್ ಕೂರಿಸುವ ಕೆಲಸ. ಒಮ್ಮೊಮ್ಮೆ ಒಂದು ಮರೆತುಹೋಗುತ್ತಿತ್ತು. ಗಿರಾಕಿ ದೂರುತ್ತಿದ್ದ, ಮೇಲಿನವರು ಗದರುತ್ತಿದ್ದರು, ನಾಲ್ಕು ದಿನ ಸರಿಯಿದ್ದು ಮತ್ತೆ ಅದೇ ಹಾಡು. ಶಿಗೆಓ ಶಿಂಗೊ ಎಂಬ ತಜ್ಞರು ಯಾರನ್ನೂ ಗದರಲಿಲ್ಲ. ಡಬ್ಬಿಯಿಂದ ಮೊದಲು ಎರಡು ಸ್ಪ್ರಿಂಗನ್ನು ತಟ್ಟೆಗೆ ತೆಗೆದಿಡಿ, ಆಮೇಲೆ ಸ್ವಿಚ್ಚಿಗೆ ಹಾಕಿ ಎಂದರು. ಕೊನೆಗೆ ತಟ್ಟೆಯಲ್ಲಿ ಒಂದು ಉಳಿದಿದ್ದರೆ ಮರೆತದ್ದು ಕಣ್ಣಿಗೇ ಕಾಣುತ್ತದೆ. ಒಗ್ಗರಣೆಗೆ ಸಾಸಿವೆ, ಇಂಗು, ಕರಿಬೇವು ಮೊದಲೇ ಎತ್ತಿಟ್ಟುಕೊಳ್ಳುವ ನಮ್ಮ ಅಜ್ಜಿಯಂದಿರು ಇದಕ್ಕೆ ಹೆಸರಿಟ್ಟಿರಲಿಲ್ಲ ಅಷ್ಟೆ. ಶಿಂಗೊ ಮೊದಲು ಇಂಥ ಉಪಾಯಗಳನ್ನು ‘ಬಾಕಾ-ಯೋಕೆ’ ಎನ್ನುತ್ತಿದ್ದರು. ದಡ್ಡರಿಂದ ಕಾಪಾಡುವುದು ಎಂದರ್ಥ. ಒಂದು ಕಾರ್ಖಾನೆಯಲ್ಲಿ ಆ ಮಾತು ಕೇಳಿ ಹೆಣ್ಣುಮಗಳೊಬ್ಬಳು ಅತ್ತುಬಿಟ್ಟಳು. ಶಿಂಗೊ ಹೆಸರನ್ನೇ ಬದಲಿಸಿದರು: ‘ಪೋಕಾ-ಯೋಕೆ’, ಕೈತಪ್ಪಿನಿಂದ ಕಾಪಾಡುವುದು. ಗುಣಮಟ್ಟದ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಸುಧಾರಣೆ ನಾನು ಕಂಡಿಲ್ಲ.

ಇದು ಜಪಾನೀಯರ ರಕ್ತದಲ್ಲಿದೆ, ನಮ್ಮಿಂದಾಗದು ಎನ್ನುವವರಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಉತ್ತರ. ಗೈರುಹಾಜರಿ, ಜಗಳ, ಕಳಪೆ ಕಾರಿಗೆ ಕುಖ್ಯಾತವಾಗಿದ್ದ ಜನರಲ್ ಮೋಟರ್ಸ್‌ನ ಕಾರ್ಖಾನೆ ಅಲ್ಲಿ 1982ರಲ್ಲಿ ಮುಚ್ಚಿತು. 1984ರಲ್ಲಿ ಟೊಯೊಟಾದ ಪಾಲುದಾರಿಕೆಯಲ್ಲಿ ತೆರೆದಾಗ ಬಂದವರಲ್ಲಿ ಹೆಚ್ಚಿನವರು ಅದೇ ಹಳೆಯ ಕೆಲಸಗಾರರು, ಅದೇ ಯೂನಿಯನ್. ಎರಡೇ ವರ್ಷಗಳಲ್ಲಿ ಅಲ್ಲಿಯ ಕಾರಿನ ಗುಣಮಟ್ಟ ಜನರಲ್ ಮೋಟರ್ಸ್‌ನ ಉಳಿದ ಕಾರ್ಖಾನೆಗಳನ್ನು ನಾಚಿಸುವಂತಾಯಿತು.

ಹಾಗೆಂದು ಆರತಿ ಎತ್ತಬೇಕಿಲ್ಲ. 1972ರಲ್ಲಿ ಸಾತೋಶಿ ಕಾಮಾತಾ ಎಂಬ ಪತ್ರಕರ್ತ ಟೊಯೊಟಾದಲ್ಲಿ ಹಂಗಾಮಿ ಕೆಲಸಗಾರನಾಗಿ ಸೇರಿ, ಲೈನಿನ ವೇಗ ಮನುಷ್ಯನನ್ನು ಹೇಗೆ ಹಿಂಡುತ್ತದೆಂದು ಒಂದು ಪುಸ್ತಕವನ್ನೇ ಬರೆದರು. 2010ರಲ್ಲಿ ಲಕ್ಷಾಂತರ ಕಾರುಗಳನ್ನು ವಾಪಸು ಕರೆಸಿಕೊಳ್ಳಬೇಕಾದಾಗ ಕಂಪನಿಯ ಆಗಿನ ಅಧ್ಯಕ್ಷ ಅಕಿಓ ಟೊಯೊಡಾ ಅಮೆರಿಕದ ಸಂಸತ್ತಿನ ಸಮಿತಿಯೆದುರು ಕ್ಷಮೆ ಕೇಳಿ, ಜನರನ್ನು ತಯಾರುಮಾಡುವುದಕ್ಕಿಂತ ವೇಗವಾಗಿ ಬೆಳೆದುಬಿಟ್ಟೆವು ಎಂದು ಒಪ್ಪಿಕೊಂಡರು. ನಮ್ಮ ಬಿಡದಿಯ ಟೊಯೊಟಾ ಕಾರ್ಖಾನೆಯಲ್ಲೂ, 2020ರ ನವೆಂಬರಿನಲ್ಲಿ, ಕೆಲಸದ ಒತ್ತಡದ ಬಗೆಗಿನ ಕಾರ್ಮಿಕರ ಅಸಮಾಧಾನ ಮುಷ್ಕರ, ಲಾಕೌಟ್‌ವರೆಗೆ ಹೋಯಿತು. ಕಾರಿನ ತಪ್ಪಿಗೆ ಎಳೆಯುವ ಹಗ್ಗ ಕೆಲಸಗಾರನ ಸುಸ್ತಿಗೂ ಎಟುಕುತ್ತದೆಯೇ ಎಂಬುದು ಎಲ್ಲ ಕಡೆಯೂ ಬಾಕಿಯಿರುವ ಪ್ರಶ್ನೆ.

ಬಿಡದಿಯ ಕಾರ್ಖಾನೆಯಿಂದ ಕ್ವಾಲಿಸ್ ಹೊರಬರಲು ಶುರುವಾದದ್ದು 1999ರ ಕೊನೆಗೆ. ಅದಾದ ಮೇಲೆ ಕೈಜೆನ್ ಮಾತು ಪೀಣ್ಯದ ಸಣ್ಣ ಶೆಡ್ಡುಗಳಿಗೂ ಇಳಿಯಿತು. ಗೋಡೆಯ ಮೇಲೆ ಬೋರ್ಡು, ಚಾರ್ಟು ಎಲ್ಲ ಇವೆ. ಆಡಿಟ್‌ನ ಹಿಂದಿನ ರಾತ್ರಿ ಮಾತ್ರ ಧೂಳು ಒರೆಸಿಕೊಳ್ಳುವ ಬೋರ್ಡುಗಳೂ ಇವೆ.

ನಗೋಯಾಕ್ಕೆ ಹೋಗುವವರಿದ್ದರೆ, ಟೊಯೊಡಾ ಮನೆತನದ ಹಳೆಯ ಗಿರಣಿಯನ್ನೇ ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ, ನೋಡಿ ಬನ್ನಿ. ‘ಜಿ’ ಮಾದರಿಯ ಮಗ್ಗವೂ ಅಲ್ಲಿದೆ. ಕಾರುಗಳ ವಿಭಾಗ ಅದರ ಆಮೇಲೆ.