ಸೇವೆಯೂ ಗೌರವಧನವೂ

ಗಡಿನಾಡ ಕನ್ನಡಿಗರಾದ ನಮಗೆ ಸೇವೆ ಎಂಬ ಶಬ್ದ ಹೊಸತಲ್ಲ. ಶಾಲೆಗೆ ಮಕ್ಕಳನ್ನು ಕೂಡಿಸುವುದು, ಸಂಘದ ರಶೀದಿ ಪುಸ್ತಕ ಹಿಡಿದು ಮನೆಮನೆ ತಿರುಗುವುದು, ರಾಜ್ಯೋತ್ಸವಕ್ಕೆ ಚಪ್ಪರ ಹಾಕುವುದು ಎಲ್ಲವೂ ಸೇವೆಯೇ. ಕಾಸರಗೋಡಿನಲ್ಲಿ ಹೇಗೋ ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಡೆಂಕಣಿಕೋಟೆಗಳಲ್ಲೂ ಹಾಗೆಯೇ. ಆದರೆ ಸೇವೆ ಮಾಡಿದವರು ಹಣ ಪಡೆಯಬಹುದೇ ಎಂದು ಯಾರಾದರೂ ಕೇಳಿದರೆ ನಾವು ಮಾತು ಮರೆಸುತ್ತೇವೆ.

ಕೆಲವು ವರ್ಷಗಳ ಹಿಂದೆ ಹೊಸೂರು ಕಡೆಯ ಹಳ್ಳಿಯೊಂದರಲ್ಲಿ ನಾವು ಸಂಘವೊಂದರ ಪರವಾಗಿ ಸಂಜೆಯ ಕನ್ನಡ ತರಗತಿ ನಡೆಸುತ್ತಿದ್ದೆವು. ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ಕನ್ನಡ ಸಿಗದ ಮಕ್ಕಳೇ ಅಲ್ಲಿ ಹೆಚ್ಚು. ಪದವಿ ಮುಗಿಸಿದ್ದ ಹುಡುಗಿಯೊಬ್ಬಳು ವಾರಕ್ಕೆ ಐದು ಸಂಜೆ ಪಾಠ ಹೇಳುತ್ತಿದ್ದಳು. ಎಂಟು ತಿಂಗಳಾದ ಮೇಲೆ, ಏನಾದರೂ ಕೊಡಲು ಸಾಧ್ಯವೇ ಎಂದು ಸಂಕೋಚದಿಂದ ಕೇಳಿದಳು. “ಸೇವೆಗೆ ಬೆಲೆ ಕಟ್ಟಬಾರದಮ್ಮ” ಎಂದೆವು. “ಮೇಷ್ಟ್ರೇ, ನಿಮಗೆ ತಿಂಗಳಾದರೆ ಸಂಬಳ ಬರುತ್ತೆ. ನಮ್ಮನೇಲಿ ನಾನು ತಂದರೇನೇ ಅಕ್ಕಿ” ಎಂದಳು. ಮುಂದಿನ ತಿಂಗಳು ಅವಳು ಕಾರ್ಖಾನೆ ಕೆಲಸಕ್ಕೆ ಸೇರಿದಳು. ತರಗತಿ ನಿಂತಿತು. ತಪ್ಪು ನಮ್ಮದೆಂದು ಒಪ್ಪಿಕೊಳ್ಳಲು ನಮಗೆ ಬಹಳ ದಿನ ಬೇಕಾಯಿತು.

ಹಣ ಕೊಟ್ಟೂ ಕೊಡದೆಯೂ ಕೆಲಸ ನಡೆದ ಉದಾಹರಣೆಗಳು ನಮ್ಮ ಮುಂದಿವೆ. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮದಲ್ಲಿ ಬೋಧಕರಿಗೆ ತಿಂಗಳಿಗೆ 50 ರೂಪಾಯಿ ಗೌರವಧನವಿತ್ತು. ಎರ್ನಾಕುಲಂ ಜಿಲ್ಲೆಯ ಸಾಕ್ಷರತಾ ಆಂದೋಲನದ ಸ್ವಯಂಸೇವಕರು ಸಂಭಾವನೆ ಇಲ್ಲದೆಯೇ ಕಲಿಸಿದರು. 1990ರಲ್ಲಿ ಆ ಜಿಲ್ಲೆ ಸಂಪೂರ್ಣ ಸಾಕ್ಷರವೆಂದು ಘೋಷಿತವಾಯಿತು. ಆದರೆ ಅದು ಸುಮಾರು ಒಂದು ವರ್ಷದ ಆಂದೋಲನ. ವರ್ಷಗಟ್ಟಲೆ ದಿನವೂ ಬಂದು ಕಲಿಸುವ ಕೆಲಸಕ್ಕೆ ಆ ಅಳತೆ ಹೊಂದದು. ಕೋವಿಡ್ ಕಾಲದಲ್ಲಿ ಹಿಂದುಳಿದ ಮಕ್ಕಳಿಗಾಗಿ ತಮಿಳುನಾಡು ಸರಕಾರ 2021ರಲ್ಲಿ ‘ಇಲ್ಲಂ ತೇಡಿ ಕಲ್ವಿ’ ಆರಂಭಿಸಿದಾಗ, ಸಂಜೆ ಪಾಠ ಹೇಳುವ ಸ್ವಯಂಸೇವಕರಿಗೆ ತಿಂಗಳಿಗೆ 1000 ರೂಪಾಯಿ ಗೊತ್ತುಮಾಡಿತು. ಅದನ್ನು ಪಡೆದವರು ಸೇವೆ ಮಾಡಲಿಲ್ಲವೆಂದು ಹೇಳಲಾದೀತೇ?

ಗೌರವಧನವೆಂಬ ಹೆಸರಿನಿಂದಲೇ ಅನ್ಯಾಯವಾಗುವುದೂ ಉಂಟು. 1975ರಲ್ಲಿ ಆರಂಭವಾದ ಅಂಗನವಾಡಿಗಳ ಕಾರ್ಯಕರ್ತೆಯರನ್ನು ಗೌರವ ಸೇವಕರೆಂದೇ ಎಣಿಸಲಾಯಿತು. ಅವರೂ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ.

ಹಾಗೆಂದು ಕೈಯೊಡ್ಡಿದವರಿಗೆಲ್ಲ ಕೊಡಬೇಕೆಂದಲ್ಲ. ಮಕ್ಕಳ ಪುಸ್ತಕಕ್ಕೆಂದು ದಾನಿಗಳು ಕೊಟ್ಟ ಹಣವನ್ನು ಪದಾಧಿಕಾರಿಗಳೇ ಕುಳಿತು ತಮಗೆ ಗೊತ್ತುಮಾಡಿಕೊಂಡರೆ ಅದು ಸೇವೆಯೂ ಅಲ್ಲ, ಸಂಬಳವೂ ಅಲ್ಲ. ನಮ್ಮ ಅಭಿಪ್ರಾಯ ಇಷ್ಟೆ: ಹಣ ಪಡೆಯುವವರು ಅದನ್ನು ನಿರ್ಧರಿಸುವ ಸಭೆಯಲ್ಲಿ ಇರಬಾರದು. ಮೊತ್ತವನ್ನು ಮೊದಲೇ ನಿಶ್ಚಯಿಸಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ವಾರ್ಷಿಕ ಸಭೆಯಲ್ಲಿ ಎಲ್ಲರೆದುರು ಓದಬೇಕು. ಕೈಯಿಂದ ಖರ್ಚಾದ ಹಣ ಬೇರೆ, ದುಡಿಮೆಯ ಹಣ ಬೇರೆ, ಎರಡಕ್ಕೂ ಲೆಕ್ಕವಿರಬೇಕು. ಇನ್ನು ನಮ್ಮಂತಹ ಸಂಬಳದಾರರು ಇಂತಹ ಕೆಲಸಕ್ಕೆ ಹಣ ಪಡೆಯದಿರುವುದೇ ಲೇಸು.

ಉಂಡವನು ಉಪವಾಸದ ಮಹಿಮೆ ಹೇಳುವುದು ಸುಲಭ. ಆ ಹಳ್ಳಿಯಲ್ಲಿ ಮತ್ತೆ ತರಗತಿ ತೆರೆಯುವ ಮಾತು ನಡೆದಿದೆ. ಈ ಬಾರಿ ಸಭೆಯ ಮೊದಲ ವಿಷಯ ಕಲಿಸುವವರ ಗೌರವಧನವಾಗಿರಲೆಂದು ನಾವು ಪತ್ರ ಬರೆದಿದ್ದೇವೆ.