ನಿಂತಲ್ಲೇ ತುಳಿಯುವ ಸೈಕಲ್ಲು ಮತ್ತು ನಮ್ಮ ದೇಹ

ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಸೀಮೆ ನಾಡಿಗೆ ಹೆಸರಾಂತ ಸೈಕಲ್ ಪಟುಗಳನ್ನು ನೀಡಿದೆ. ಆದರೆ ಇಂದು ಅರಭಾವಿಯ ಸುತ್ತಲೂ ಹೊಲಕ್ಕೆ ಬೈಕಿನಲ್ಲೇ ಹೋಗುವ ನಮ್ಮ ಮೈಗೆ ದುಡಿಮೆ ಕಡಿಮೆಯಾಗಿದೆ. ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ಲು ಆ ಕೊರತೆಯನ್ನು ತುಂಬಬಲ್ಲದು. ತುಳಿಯುವ ಕ್ರಮ ಬದಲಾದಂತೆ ಫಲವೂ ಬದಲಾಗುತ್ತದೆ.

ಮಾತನಾಡುತ್ತ ತುಳಿಯುವಷ್ಟು ಹದವಾದ ವೇಗದಲ್ಲಿ ಸ್ನಾಯುಗಳು ಕೊಬ್ಬನ್ನೂ ಸಕ್ಕರೆಯನ್ನೂ ಉರುವಲಾಗಿ ಬಳಸುತ್ತವೆ. ಕೆಲವು ವಾರಗಳಲ್ಲಿ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳು ಹೆಚ್ಚುತ್ತವೆ. ಹೃದಯವು ಪ್ರತಿ ಬಡಿತಕ್ಕೂ ಅಧಿಕ ರಕ್ತವನ್ನು ನೂಕಲು ಕಲಿಯುತ್ತದೆ.

ಒಂದು ನಿಮಿಷ ರಭಸ, ಎರಡು ನಿಮಿಷ ನಿಧಾನ ಎಂಬ ಸರದಿಯಲ್ಲಿ ಏದುಸಿರು ಬರುತ್ತದೆ. ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಅಲ್ಪ ಸಮಯದಲ್ಲೇ ವೃದ್ಧಿಸುತ್ತದೆ. ಆದರೆ ದಣಿವು ಆರಲು ಬಿಡುವು ಬೇಕಾದ್ದರಿಂದ ಇದು ವಾರಕ್ಕೆರಡು ಬಾರಿ ಸಾಕು. ಬಿಗಿ ಹೆಚ್ಚಿಸಿ ನಿಧಾನವಾಗಿ ತುಳಿದರೆ ತೊಡೆಗೆ ಬಲ. ಅತಿಯಾದರೆ ಮೊಣಕಾಲಿಗೆ ನೋವು.

ಕೋಣೆಯಲ್ಲಿ ಗಾಳಿಯಾಡದೆ ಮೈ ಬೇಗ ಕಾಯುವುದರಿಂದ ಫ್ಯಾನೂ ನೀರೂ ಹತ್ತಿರವಿರಲಿ. ಹೃದ್ರೋಗ, ರಕ್ತದೊತ್ತಡ, ಮಧುಮೇಹವುಳ್ಳವರು ವೈದ್ಯರನ್ನು ಕೇಳದೆ ರಭಸಕ್ಕಿಳಿಯಬಾರದು.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಹದವಾದ ವ್ಯಾಯಾಮವನ್ನು ಸೂಚಿಸಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ತುಳಿದರೆ ಅದು ಪೂರ್ಣಗೊಳ್ಳುತ್ತದೆ. ಹದದಿಂದ ಆರಂಭಿಸೋಣ, ಮೈ ಪಳಗಿದ ಮೇಲೆ ರಭಸ.