ನೀಲಗಿರಿಯಲ್ಲಿ ಇಳಿದುಕೊಳ್ಳುವುದು ಎಲ್ಲಿ?

ಊಟಿಗೆ ಹೋಗಿ ಬಂದವರನ್ನು ‘ಎಲ್ಲಿ ಇಳಿದುಕೊಂಡಿದ್ರಿ?’ ಅಂತ ಕೇಳಿ ನೋಡಿ. ‘ಬಸ್ ಸ್ಟ್ಯಾಂಡ್ ಹತ್ರ ಯಾವುದೋ ಒಂದು ಲಾಡ್ಜು’ ಅಂತಾರೆ ಬಹಳ ಜನ. ಬೊಟಾನಿಕಲ್ ಗಾರ್ಡನ್, ಬೋಟ್ ಹೌಸು, ದೊಡ್ಡಬೆಟ್ಟ ಎಲ್ಲ ನೆನಪಿರುತ್ತವೆ. ರಾತ್ರಿ ಮಲಗಿದ ಊರು ಮಾತ್ರ ನೆನಪಿರೋದಿಲ್ಲ. ನನ್ನ ಎಣಿಕೆಯಲ್ಲಿ ಬೆಟ್ಟದ ಸೀಮೆಗೆ ಹೋದವನಿಗೆ ನೋಡೋ ಜಾಗಕ್ಕಿಂತ ಮಲಗೋ ಜಾಗವೇ ಮುಖ್ಯ. ರಾಯದುರ್ಗದ ಕಡೆಯ ಒಣಭೂಮಿ ರೈತ ನಾನು. ಮೂರು ಬಾರಿ ಆ ಬೆಟ್ಟ ಹತ್ತಿ ಇಳಿದು ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕಾಲದ ಮಾತು. ನಮ್ಮ ಕಡೆ ಶೇಂಗಾ ಕಿತ್ತು, ಬಿಡಿಸಿ, ಕೈಗೆ ಬಿಡುವು ಸಿಗೋದು ನವೆಂಬರಿನಲ್ಲಿ. ಆಗಲೇ ಕೂನೂರು, ಕೋಟಗಿರಿ, ಕೇತಿ ಕಡೆ ಹಿಂಗಾರು ಜೋರು. 2009ರ ನವೆಂಬರಿನಲ್ಲಿ ಕೇತಿಯಲ್ಲಿ ಒಂದೇ ದಿನಕ್ಕೆ 82 ಸೆಂಟಿಮೀಟರ್ ಮಳೆ ಸುರಿಯಿತು. ನಮ್ಮ ಅನಂತಪುರ ಜಿಲ್ಲೆಗೆ ವರ್ಷವೆಲ್ಲ ಬಿದ್ದರೂ ಸುಮಾರು 55! ಆ ಸಲ ಗುಡ್ಡ ಕುಸಿದು ನೀಲಗಿರಿಯಲ್ಲಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಏಪ್ರಿಲ್–ಮೇ ತಿಂಗಳಲ್ಲಿ ಹೂವಿನ ಪ್ರದರ್ಶನ, ಜಾತ್ರೆಯಂಥ ಜನ. ಬಾಡಿಗೆ ಎರಡು ಪಟ್ಟು. ಹಾಗಾಗಿ ನಮ್ಮಂಥವರಿಗೆ ಸಂಕ್ರಾಂತಿ ಮುಗಿದ ಮೇಲೆ ಹೋಗೋದೇ ಮೇಲು. ಚಳಿ ಇರುತ್ತೆ, ಬೆಳಿಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಉಪ್ಪು ಚೆಲ್ಲಿದ ಹಾಗೆ ಕಾಣುತ್ತೆ, ಆದರೆ ಆಕಾಶ ತಿಳಿಯಾಗಿರುತ್ತೆ.

ಊಟಿ ಪೇಟೆಯೊಳಗೆ ತಂಗೋದರಲ್ಲಿ ಅನುಕೂಲ ಉಂಟು, ನೆಮ್ಮದಿ ಇಲ್ಲ. ಬೆಟ್ಟ ನೋಡೋಕೆ ಹೋಗಿ ಹಾರ್ನ್ ಕೇಳಿಕೊಂಡು ಮಲಗೋದು ಯಾಕೆ? ಊಟಿಯೇ ಬೇಕು ಅನ್ನುವವರು ಫರ್ನ್‌ಹಿಲ್ ಕಡೆ ನೋಡಿ. ಮೈಸೂರು ಅರಸರ ಬೇಸಿಗೆ ಅರಮನೆ ಇದ್ದ ಜಾಗ ಅದು. ಕರ್ನಾಟಕ ಪ್ರವಾಸೋದ್ಯಮ ನಿಗಮದ ಮಯೂರ ಸುದರ್ಶನ ಹೋಟೆಲು ಅಲ್ಲೇ ಇದೆ. ಪಕ್ಕದಲ್ಲಿ ನಮ್ಮ ತೋಟಗಾರಿಕೆ ಇಲಾಖೆಯ ಕರ್ನಾಟಕ ಸಿರಿ ತೋಟ. ಬೇರೆ ರಾಜ್ಯದ ಬೆಟ್ಟದ ಮೇಲೆ ಕನ್ನಡದ ಬೋರ್ಡು ಕಂಡರೆ ಗಡಿನಾಡಿನವನಿಗೆ ಆಗೋ ಸಂತೋಷವನ್ನು ಬೆಂಗಳೂರಿನವರಿಗೆ ತಿಳಿಸಿ ಹೇಳೋದು ಕಷ್ಟ.

ನನ್ನ ಮನಸ್ಸು ನಿಂತದ್ದು ಕೇತಿ ಕಣಿವೆಯ ಮೇಲೆ. ಊಟಿಯಿಂದ ಚಿಕ್ಕ ರೈಲಿನಲ್ಲಿ ಎರಡನೇ ಸ್ಟೇಷನ್ನು, ಎಂಟು ಕಿಲೋಮೀಟರ್. 1908ರಲ್ಲಿ ಊಟಿಗೆ ಮುಟ್ಟಿದ ಈ ರೈಲುದಾರಿ 2005ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ. ಕಣಿವೆ ತುಂಬ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್, ಆಲೂಗಡ್ಡೆ, ಕೋಸು. ಬೆಳಿಗ್ಗೆ ಕಿಟಕಿ ತೆಗೆದರೆ ಮಂಜು ಹೊಲದಿಂದ ಹೊಲಕ್ಕೆ ಇಳಿಯುತ್ತಾ ಹೋಗುತ್ತೆ. ಒಂದಿಂಚು ತೇವಕ್ಕೆ ಬಾಯಿ ಬಿಡೋ ನೆಲದವನಿಗೆ ಅಲ್ಲಿನ ಕರಿ ಮಣ್ಣನ್ನು ಮುಟ್ಟಿದಾಗ ಹೊಟ್ಟೆಕಿಚ್ಚು ಬಾರದೆ ಇರೋದಿಲ್ಲ.

ಆದರೆ ಇಲ್ಲಿ ರೂಮು ಹಿಡಿಯುವಾಗ ಕಣಿವೆ ಕಾಣೋ ಕಿಟಕಿಗೆ ಮರುಳಾಗಬೇಡಿ. ಹಿಂದುಗಡೆ ಹೋಗಿ ನೋಡಿ. ಗುಡ್ಡ ನೆಟ್ಟಗೆ ಕಡಿದು ಕಟ್ಟಡ ಎಬ್ಬಿಸಿದ್ದಾರೋ? ತಡೆಗೋಡೆಗೆ ನೀರು ಬಸಿಯೋ ತೂತುಗಳಿವೆಯೋ? ಹೊಲದ ಬದು ಕಟ್ಟಿದವರಿಗೆಲ್ಲ ಗೊತ್ತು, ಹಿಂದೆ ನಿಂತ ನೀರಿಗೆ ದಾರಿ ಬಿಡದಿದ್ದರೆ ಎಂಥ ಕಲ್ಲಿನ ಬದುವೂ ನಿಲ್ಲೋದಿಲ್ಲ. ಒಂದು ಕಡೆ ಗೋಡೆ ಹೊಟ್ಟೆ ಉಬ್ಬಿ ನಿಂತದ್ದು ಕಂಡು, ‘ಇದೇನ್ರೀ?’ ಅಂದೆ. ‘ಅದು ಹಂಗೇ ಇರೋದು ಸಾರ್’ ಅಂದ ಮ್ಯಾನೇಜರು. ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟೆವು.

ಕೂನೂರು ಊಟಿಗಿಂತ ತಗ್ಗಿನಲ್ಲಿದೆ, ಸುಮಾರು 1850 ಮೀಟರ್. ವಯಸ್ಸಾದವರಿಗೆ ಚಳಿ ತಡೆಯುತ್ತೆ. ಕೋಟಗಿರಿ ಇನ್ನೂ ಶಾಂತ. ಕಲೆಕ್ಟರ್ ಸಲ್ಲಿವನ್ ಊಟಿ ಕಟ್ಟೋ ಮೊದಲು ಬಂಗಲೆ ಕಟ್ಟಿಸಿದ್ದು ಅದರ ಹತ್ತಿರದ ಕನ್ನೇರಿಮುಕ್ಕಿನಲ್ಲಿ; ಈಗ ಅದು ಮ್ಯೂಸಿಯಂ.

ಮಸಿನಗುಡಿಯ ವಿಚಾರ ಬೇರೆ. ಮೈಸೂರಿನಿಂದ ಹೋಗುವವರಿಗೆ ದಾರಿಯಲ್ಲೇ ಸಿಗುತ್ತೆ, ರೆಸಾರ್ಟಿನವರು ‘ಅಂಗಳಕ್ಕೇ ಆನೆ ಬರುತ್ತೆ’ ಅಂತ ಆಸೆ ಹುಟ್ಟಿಸುತ್ತಾರೆ. ಬರುತ್ತೆ, ಯಾಕಂದ್ರೆ ಅದು ಆನೆಯದೇ ದಾರಿ. ಸೀಗೂರಿನ ಆನೆ ದಾರಿಯನ್ನು ಉಳಿಸಬೇಕೆಂದು ಮದ್ರಾಸ್ ಹೈಕೋರ್ಟು 2011ರಲ್ಲಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಹಲವು ರೆಸಾರ್ಟುಗಳಿಗೆ ಬೀಗ ಬಿತ್ತು. 2020ರ ಅಕ್ಟೋಬರಿನಲ್ಲಿ ಹೈಕೋರ್ಟಿನ ತೀರ್ಪನ್ನು ಅದು ಎತ್ತಿಹಿಡಿಯಿತು. ಆಮೇಲೂ, 2021ರ ಜನವರಿಯಲ್ಲಿ ಬೆಳಕಿಗೆ ಬಂದ ಪ್ರಕರಣದಲ್ಲಿ, ಅಲ್ಲಿನ ಒಂದು ಅನಧಿಕೃತ ತಂಗುದಾಣದಿಂದ ಆನೆಯ ಮೇಲೆ ಉರಿಯೋ ಟೈರು ಎಸೆದರು. ಆನೆ ಸತ್ತಿತು. ನಾವು ಕೊಡೋ ಬಾಡಿಗೆ ಹಣವೇ ಇಂಥ ಕಟ್ಟಡ ಎಬ್ಬಿಸೋದು. ಪರವಾನಗಿ ಇದೆಯೇ ಅಂತ ಕೇಳಿ. ಕೇಳಿದ್ದಕ್ಕೆ ಮುಖ ಗಂಟು ಹಾಕಿದರೆ ಮುಂದಕ್ಕೆ ಹೋಗಿ. ಆನೆ ನೋಡಬೇಕಾದರೆ ತೆಪ್ಪಕಾಡಿನಲ್ಲಿ ಹಗಲು ಹೊತ್ತು ನೋಡಬಹುದು.

ಸಾಧ್ಯವಾದರೆ ಬಡಗರ ಮನೆಗಳಲ್ಲಿ ರೂಮು ಹಿಡಿಯಿರಿ. ಮೈಸೂರು ಸೀಮೆ ಕಡೆಯಿಂದ, ಅಂದರೆ ಬಡಗಲಿಂದ ಬಂದವರು ಅನ್ನೋದು ಅವರ ಐತಿಹ್ಯ. ಊರಿಗೆ ಹಟ್ಟಿ ಅನ್ನುತ್ತಾರೆ. ಹೆತ್ತೆ ಅವರ ದೇವಿ, ಹೆತ್ತೆ ಹಬ್ಬ ದೊಡ್ಡ ಹಬ್ಬ. ತಮಿಳಿನವರು ಪಾಲ್ ಅಂತಾರೆ, ನಮ್ಮ ಮನೆಯ ತೆಲುಗಿನಲ್ಲಿ ಪಾಲು. ಆ ಬೆಟ್ಟದ ತುದಿಯಲ್ಲಿ ಬಡಗ ಅಜ್ಜಿ ಹಾಲು ಅಂದಾಗ ಕಿವಿ ನೆಟ್ಟಗಾಯಿತು. ಹಾಗಂತ ‘ನಿಮ್ಮದು ಕನ್ನಡವೇ ಬಿಡ್ರಿ’ ಅಂತ ಮೊದಲ ಮಾತಿಗೇ ಹೇಳಬೇಡಿ. ಉಪಭಾಷೆಯೋ ಸ್ವತಂತ್ರ ಭಾಷೆಯೋ ಅಂತ ಪಂಡಿತರಲ್ಲೇ ವಾದವಿದೆ, ಅವರಿಗೆ ಅದು ತಮ್ಮ ಭಾಷೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆಂಧ್ರಕ್ಕೆ ಸೇರಿದ ತಾಲ್ಲೂಕಿನವನು ನಾನು. ‘ನೀವು ತೆಲುಗರೋ ಕನ್ನಡಿಗರೋ?’ ಅಂತ ಎರಡೂ ಕಡೆಯವರು ಕೇಳಿದಾಗ ಹೇಗಾಗುತ್ತೆ ಅನ್ನೋದು ನನಗೆ ಗೊತ್ತು.

ಇನ್ನು ಸಣ್ಣಪುಟ್ಟ ಸಂಗತಿ. 2024ರ ಮೇ 7ರಿಂದ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ಸರ್ಕಾರಿ ಬಸ್ಸಿನಲ್ಲಿ ಹೋದರೆ ಆ ತಲೆನೋವಿಲ್ಲ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿದೆ, ಸ್ಟೀಲಿನದು ಒಯ್ಯಿರಿ. ಬಿಸಿನೀರು ಎಷ್ಟು ಹೊತ್ತು ಬಿಡ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ಚಳಿಯೆಂದು ಬಾಗಿಲು ಕಿಟಕಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಅಗ್ಗಿಷ್ಟಿಕೆ ಮಾತ್ರ ಇಡಬೇಡಿ. ಅದರ ವಿಷಗಾಳಿಗೆ ಮಲಗಿದವರು ಮಲಗಿದಲ್ಲೇ ಹೋಗಿಬಿಡ್ತಾರೆ. ಕಂಬಳಿ ಮನೆಯಿಂದಲೇ ತಗೊಂಡು ಹೋಗಿ. ನಮ್ಮ ಕಡೆಯ ಕುರಿ ಕಂಬಳಿಗೆ ಸಾಟಿಯಾದದ್ದು ಅಲ್ಲಿನ ಯಾವ ಲಾಡ್ಜಿನಲ್ಲೂ ನನಗೆ ಸಿಕ್ಕಿಲ್ಲ.